ಪಾರಸೀಕರ ತರ್ಪಣದ ಬಟ್ಟಲುಗಳು

ನಮ್ಮ ಮನೆಗಳಲ್ಲಿ ದೇವರ ಮನೆಯ ಪಾತ್ರೆಗಳೇ ಬೇರೆ, ಊಟದ ಪಾತ್ರೆಗಳೇ ಬೇರೆ. ಪಂಚಪಾತ್ರೆಯಲ್ಲಿ ಮಜ್ಜಿಗೆ ಕುಡಿಯುವವರನ್ನು ನಾವು ಕಂಡಿಲ್ಲ. ಯಾರಾದರೂ ಹಾಗೆ ಕುಡಿದರೆ ಮನೆಯ ಹಿರಿಯರು ಸುಮ್ಮನಿರುವವರೂ ಅಲ್ಲ. ಆದರೆ ಮನೆಯವರೆಲ್ಲರೂ ಇಲ್ಲವಾಗಿ, ಎರಡೂವರೆ ಸಾವಿರ ವರ್ಷಗಳು ಉರುಳಿ, ಆ ಪಾತ್ರೆಯೊಂದೇ ಮಣ್ಣಿನೊಳಗಿಂದ ಎದ್ದು ಬಂದಿತೆಂದು ಭಾವಿಸೋಣ. ಇದರಲ್ಲಿ ಆಚಮನ ಮಾಡುತ್ತಿದ್ದರೋ, ಮಜ್ಜಿಗೆಯನ್ನು ಕುಡಿಯುತ್ತಿದ್ದರೋ ಎಂಬುದನ್ನು ಆಗ ಹೇಳುವವರಾರು? ಪ್ರಾಚೀನ ಪಾರಸೀಕರ ಬೆಳ್ಳಿ ಬಂಗಾರಗಳ ಬಟ್ಟಲುಗಳ ವಿಷಯದಲ್ಲಿ ವಿದ್ವಾಂಸರಿಗೆ ಬಂದೊದಗಿರುವ ತೊಡಕು ಇಂತಹುದೇ ಆಗಿದೆ.

ಪಾರಸೀಕರೆಂದು ಇಲ್ಲಿ ನಾವು ಹೇಳುವುದು ಅಖಮನೀಯ ವಂಶದ ಅರಸರ ಕಾಲದವರನ್ನು. ಕ್ರಿ. ಪೂ. 550ರ ಸುಮಾರಿನಲ್ಲಿ ಸೈರಸ್ ಮಹಾರಾಜನಿಂದ ಮೊದಲಾಗಿ ಕ್ರಿ. ಪೂ. 330ರಲ್ಲಿ ಅಲೆಗ್ಸಾಂಡರನ ಕೈಯಲ್ಲಿ ಮುಗಿದುಹೋದ ಈ ಸಾಮ್ರಾಜ್ಯವು ಒಂದು ಕಡೆ ನಮ್ಮ ಸಿಂಧೂನದಿಯನ್ನೂ ಇನ್ನೊಂದು ಕಡೆ ಈಜಿಪ್ಟ್ ದೇಶವನ್ನೂ ಮುಟ್ಟಿದ್ದಿತು. ಆ ಕಾಲದ ಬಟ್ಟಲಿನ ರೂಪವನ್ನು ಒಮ್ಮೆ ಕಂಡವರು ಮರೆಯುವಂತಿಲ್ಲ. ಬಾಯಿ ಅಗಲ, ಆಳ ಕಡಮೆ, ಹಿಡಿಯಿಲ್ಲ, ಕಾಲಿಲ್ಲ. ಅಂಚು ಸ್ವಲ್ಪ ಹೊರಕ್ಕೆ ಬಾಗಿರುತ್ತದೆ. ತಳದ ನಡುವೆ ಹೊಕ್ಕುಳಿನಂತೆ ಒಂದು ಗುಬುಟು ಒಳಮುಖವಾಗಿ ಎದ್ದಿರುತ್ತದೆ. ಅದರ ಸುತ್ತಲೂ ಬಾದಾಮಿಯ ಆಕಾರದ ಉಬ್ಬುಗಳು, ಅವುಗಳ ನಡುವೆ ತಾವರೆಯ ಮೊಗ್ಗುಗಳು, ಎಸಳುಗಳು. ಬಟ್ಟಲನ್ನು ಬೋರಲು ಹಾಕಿದರೆ ಅರಳಿದ ಕಮಲವನ್ನೇ ಕಂಡಂತಾಗುವುದು. ಗ್ರೀಕರು ಇಂತಹ ಪಾತ್ರೆಯನ್ನು ಫಿಯಾಲೆ ಎಂದು ಕರೆದರು. ಇಂದಿನ ವಿದ್ವಾಂಸರೂ ಆ ಹೆಸರನ್ನೇ ಇಟ್ಟುಕೊಂಡಿದ್ದಾರೆ.

ಹಿಡಿಯಿಲ್ಲದ ಪಾತ್ರೆಯನ್ನು ಹಿಡಿಯುವುದು ಹೇಗೆಂದು ವಾಚಕರು ಕೇಳಬಹುದು. ತಳದ ಗುಬುಟು ಹೊರಗಡೆಯಿಂದ ಕುಳಿಯಾಗಿರುವುದರಿಂದ ಬೆರಳ ತುದಿಗಳು ಅಲ್ಲಿ ನೆಲೆಗೊಳ್ಳುತ್ತವೆ. ಪಾರಸೀಕರ ಅರಮನೆಯ ಪಾನಪಾತ್ರಧಾರಿಗಳು ಬಟ್ಟಲನ್ನು ಮೂರೇ ಬೆರಳುಗಳ ಮೇಲೆ ನಿಲ್ಲಿಸಿ, ಒಂದು ಹನಿಯೂ ತುಳುಕದಂತೆ ಒಡೆಯನ ಕೈಗೆ ಸಲ್ಲುವಂತೆ ಕೊಡುತ್ತಿದ್ದರೆಂದು ಗ್ರೀಕ್ ಲೇಖಕನಾದ ಕ್ಸೆನೊಫನ್ ಬರೆದಿದ್ದಾನೆ. ಕೊಡುವುದಕ್ಕೆ ಮೊದಲು ಸೌಟಿನಿಂದ ಒಂದಿಷ್ಟನ್ನು ತಮ್ಮ ಎಡಗೈಗೆ ಬಿಟ್ಟುಕೊಂಡು ತಾವೇ ಕುಡಿದು ತೋರಿಸುತ್ತಿದ್ದರಂತೆ. ವಿಷವೇನಾದರೂ ಬೆರೆತಿದ್ದರೆ ಅದು ಮೊದಲು ಅವರಿಗೇ ತಗಲಲಿ ಎಂಬುದು ಇದರ ತಾತ್ಪರ್ಯ. ಈ ಬೆರಳ ತುದಿಯ ಹಿಡಿತವು ಪಾರಸೀಕರಿಗಿಂತಲೂ ಹಳೆಯದು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಅಸ್ಸೀರಿಯದ ಅರಸನಾದ ಅಶುರ್‌ಬನಿಪಾಲನ ಒಂದು ಶಿಲಾಚಿತ್ರವಿದೆ. ಕ್ರಿ. ಪೂ. 645ರ ಸುಮಾರಿನದು. ಅರಸನು ದ್ರಾಕ್ಷಿಯ ಬಳ್ಳಿಯ ಕೆಳಗೆ ಮಂಚದ ಮೇಲೆ ಒರಗಿದ್ದಾನೆ, ರಾಣಿ ಎದುರಿಗೆ ಪೀಠದಲ್ಲಿ ಕುಳಿತಿದ್ದಾಳೆ, ಇಬ್ಬರ ಬೆರಳುಗಳ ಮೇಲೂ ಬಟ್ಟಲುಗಳಿವೆ. ಪಾರಸೀಕರು ಈ ರೂಪವನ್ನು ಅಸ್ಸೀರಿಯದವರಿಂದ ಪಡೆದು ತಮ್ಮದನ್ನಾಗಿ ಮಾಡಿಕೊಂಡರು.

ಕೆಲಸಗಾರಿಕೆಯ ವಿಷಯವಾಗಿ ನಾಲ್ಕು ಮಾತು ಹೇಳದೆ ಮುಂದುವರಿಯಲು ಮನಸ್ಸು ಒಪ್ಪದು. ಇವು ಎರಕದ ಪಾತ್ರೆಗಳಲ್ಲ, ಬಡಿದು ಎಬ್ಬಿಸಿದ ಪಾತ್ರೆಗಳು. ಅಕ್ಕಸಾಲಿಯು ಬೆಳ್ಳಿಯ ಒಂದು ಬಿಲ್ಲೆಯನ್ನು ತೆಗೆದುಕೊಂಡು ಸುತ್ತಿಗೆಯಿಂದ ಸುತ್ತುಸುತ್ತಾಗಿ ಬಡಿಯುತ್ತ ಹೋಗುವನು. ಬಡಿದಷ್ಟೂ ಲೋಹವು ಬಿರುಸಾಗಿ ಸೀಳಲು ಹವಣಿಸುವುದು. ಆಗ ಅದನ್ನು ಕೆಂಡದಲ್ಲಿ ಕೆಂಪಗೆ ಕಾಯಿಸಿ ತಣಿಸಿದರೆ ಮತ್ತೆ ಮೆತ್ತಗಾಗುವುದು. ಹೀಗೆ ಬಡಿಯುವುದು, ಕಾಯಿಸುವುದು, ಪುನಃ ಬಡಿಯುವುದು. ಬಟ್ಟಲಿನ ಆಕಾರ ಬಂದ ಮೇಲೆ ಒಳಗಿನಿಂದ ಒತ್ತಿ ಉಬ್ಬುಗಳನ್ನು ಎಬ್ಬಿಸಿ, ಹೊರಗಿನಿಂದ ಮೊಂಡು ಉಳಿಯಿಂದ ಎಸಳುಗಳ ಗೆರೆಗಳನ್ನು ತೀಡಬೇಕು. ಈ ಉಬ್ಬುತಗ್ಗುಗಳು ಕೇವಲ ಅಲಂಕಾರಕ್ಕಲ್ಲ. ತೆಳುವಾದ ತಗಡು ಸಮತಲವಾಗಿದ್ದರೆ ಬೆರಳೊತ್ತಿದರೆ ನೆಗ್ಗುವುದು. ಅದನ್ನೇ ನಿರಿಗೆ ಹಿಡಿದರೆ ಗಟ್ಟಿಯಾಗುವುದು. ಕಡಮೆ ಬೆಳ್ಳಿಯಲ್ಲಿ ದೊಡ್ಡ ಪಾತ್ರೆಯನ್ನು ಮಾಡುವ ಉಪಾಯವೂ ಇದರಲ್ಲಿ ಅಡಗಿದೆ. ಅಲ್ಲದೆ ಬಟ್ಟಲಿಗೆ ಕೆಂಪು ದ್ರಾಕ್ಷಾರಸವನ್ನು ಹೊಯ್ದಾಗ ದೀಪದ ಬೆಳಕು ಒಳಗಿನ ಒಂದೊಂದು ಕುಳಿಯಲ್ಲಿಯೂ ಬೇರೆಬೇರೆಯಾಗಿ ಹೊಳೆಯುವುದು.

ಬಂಗಾರ ಬೆಳ್ಳಿಗಳ ಬಟ್ಟಲು ಎಲ್ಲರಿಗೂ ಎಟುಕುವಂತಹುದಲ್ಲ. ಸಾಮಾನ್ಯ ಗೃಹಸ್ಥನು ಕಂಚಿನ ಬಟ್ಟಲಿನಿಂದಲೇ ತೃಪ್ತನಾಗುತ್ತಿದ್ದನು. ಯೂಫ್ರಟೀಸ್ ನದಿಯ ತೀರದ ಕಾರ್ಕೆಮಿಶ್ ಪಟ್ಟಣಕ್ಕೆ ಸಮೀಪದಲ್ಲಿರುವ ಡೇವೆ ಹುಯುಕ್ ಎಂಬಲ್ಲಿಯ ಗೋರಿಗಳಿಂದ ಇಂತಹ ಕಂಚಿನ ಬಟ್ಟಲುಗಳು ಹಲವು ಬಂದಿವೆ. ಅದಕ್ಕೂ ಅನುಕೂಲವಿಲ್ಲದವರು ಅದೇ ರೂಪವನ್ನು ಮಣ್ಣಿನಲ್ಲಿ ಮಾಡಿಸಿಕೊಂಡರು. ಲಿಡಿಯಾದ ರಾಜಧಾನಿಯಾಗಿದ್ದ ಸಾರ್ಡಿಸ್‌ನಲ್ಲಿ ಪಾರಸೀಕ ರೂಪದ ಮಣ್ಣಿನ ಬಟ್ಟಲುಗಳು ಯಥೇಚ್ಛವಾಗಿ ದೊರೆತಿವೆ. ದೊಡ್ಡವರ ಮನೆಯ ಬೆಳ್ಳಿಯ ಪಾತ್ರೆಯನ್ನು ನೋಡಿ ಬಡವರು ಅದೇ ಮಾದರಿಯನ್ನು ಅಗ್ಗದಲ್ಲಿ ಕೊಳ್ಳುವ ವಾಡಿಕೆ ಇಂದು ನಿನ್ನೆಯದಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಈ ಬಟ್ಟಲಿನಿಂದ ದೇವರಿಗೆ ಮಧುವನ್ನು ಎರೆಯುತ್ತಿದ್ದರೆ?

ಗ್ರೀಕರು ಎರೆಯುತ್ತಿದ್ದುದರಲ್ಲಿ ಸಂದೇಹವಿಲ್ಲ. ಫಿಯಾಲೆಯಿಂದ ದ್ರಾಕ್ಷಾರಸವನ್ನು ನೆಲದ ಮೇಲೋ ಬಲಿಪೀಠದ ಮೇಲೋ ಎರೆಯದೆ ಅವರು ಒಂದು ಪ್ರಯಾಣವನ್ನೂ ಒಂದು ಒಪ್ಪಂದವನ್ನೂ ಪ್ರಾರಂಭಿಸುತ್ತಿರಲಿಲ್ಲ. ಪಾರಸೀಕರ ಮಾತು ಬಂದಾಗ ಮಾತ್ರ, ಇತಿಹಾಸದ ಪಿತಾಮಹನೆನಿಸಿಕೊಂಡ ಹೆರೊಡೋಟಸನು ನಮ್ಮನ್ನು ಸಂಕಟಕ್ಕೆ ಸಿಕ್ಕಿಸುತ್ತಾನೆ. ತನ್ನ ಗ್ರಂಥದ ಮೊದಲನೆಯ ಭಾಗದಲ್ಲಿ ಪಾರಸೀಕರ ಪೂಜಾವಿಧಿಯನ್ನು ವರ್ಣಿಸುತ್ತ, ಅವರು ಬಲಿಪೀಠವನ್ನು ಕಟ್ಟುವುದಿಲ್ಲ, ಬೆಂಕಿಯನ್ನು ಹೊತ್ತಿಸುವುದಿಲ್ಲ, ಮಧುವನ್ನು ಎರೆಯುವುದಿಲ್ಲ, ಕೊಳಲೂ ಇಲ್ಲ, ಹೂವಿನ ಮಾಲೆಯೂ ಇಲ್ಲ ಎಂದು ಸ್ಪಷ್ಟವಾಗಿ ಹೇಳಿಬಿಟ್ಟಿದ್ದಾನೆ. ಅದೇ ಮಹಾಶಯನು ಏಳನೆಯ ಭಾಗಕ್ಕೆ ಬರುವಷ್ಟರಲ್ಲಿ ಕ್ಸೆರ್ಕ್ಸಿಸ್ ಚಕ್ರವರ್ತಿಯ ದಂಡಯಾತ್ರೆಯ ಕಥೆಯನ್ನು ಹೇಳುತ್ತಾನೆ. ಕ್ರಿ. ಪೂ. 480ರಲ್ಲಿ ಕ್ಸೆರ್ಕ್ಸಿಸನು ಗ್ರೀಸ್ ದೇಶದ ಮೇಲೆ ನಡೆದನಷ್ಟೆ. ದಾರಿಯಲ್ಲಿ ಟ್ರಾಯ್ ಪಟ್ಟಣದ ದಿಬ್ಬವನ್ನೇರಿ 1,000 ಎತ್ತುಗಳನ್ನು ಬಲಿ ಕೊಡಿಸಿದನು. ಆಗ ಅವನ ಸಂಗಡ ಇದ್ದ ಮಾಗಿ ಎಂಬ ಪುರೋಹಿತರು ಅಲ್ಲಿ ಮಡಿದ ವೀರರಿಗೆ ತರ್ಪಣವನ್ನು ಎರೆದರು. ಬಳಿಕ ಏಷ್ಯಾಖಂಡವನ್ನೂ ಯೂರೋಪನ್ನೂ ಬೇರ್ಪಡಿಸುವ ಹೆಲ್ಲೆಸ್ಪಾಂಟ್ ಜಲಸಂಧಿಯ ದಡದಲ್ಲಿ, ದೋಣಿಗಳ ಸೇತುವೆಯನ್ನು ದಾಟುವ ದಿವಸ, ಚಕ್ರವರ್ತಿಯು ಸೂರ್ಯೋದಯಕ್ಕೆ ಸರಿಯಾಗಿ ನಿಂತು ಬಂಗಾರದ ಫಿಯಾಲೆಯಿಂದ ಸಮುದ್ರಕ್ಕೆ ಎರೆದು, ಸೂರ್ಯನನ್ನು ಪ್ರಾರ್ಥಿಸಿ, ಆ ಬಟ್ಟಲನ್ನೂ ಒಂದು ಬಂಗಾರದ ಕೊಪ್ಪರಿಗೆಯನ್ನೂ ಒಂದು ಪಾರಸೀಕ ಕಿರುಗತ್ತಿಯನ್ನೂ ನೀರಿಗೆ ಎಸೆದನು. ಇದು ಸೂರ್ಯನಿಗೆ ಮಾಡಿದ ಅರ್ಪಣೆಯೋ, ಹಿಂದೆ ಅದೇ ಸಮುದ್ರಕ್ಕೆ ಚಾಟಿಯಿಂದ ಹೊಡೆಯಿಸಿದ್ದಕ್ಕೆ ಪಶ್ಚಾತ್ತಾಪದ ಕಾಣಿಕೆಯೋ ತನಗೆ ನಿಶ್ಚಯವಿಲ್ಲವೆಂದು ಹೆರೊಡೋಟಸನು ಸೇರಿಸಿದ್ದಾನೆ.

ಉದಯಕಾಲದಲ್ಲಿ ಸೂರ್ಯಾಭಿಮುಖವಾಗಿ ನಿಂತು ಜಲದಲ್ಲಿ ಅರ್ಪಿಸುವ ಈ ಚಿತ್ರವು, ಅರ್ಘ್ಯಪ್ರದಾನವನ್ನು ಬಲ್ಲ ನಮ್ಮ ವಾಚಕರಿಗೆ ಅಪರಿಚಿತವೆಂದು ತೋರಲಾರದು. ಆದರೆ ಎರೆಯುವುದೇ ಇಲ್ಲವೆಂದ ಲೇಖಕನು ಎರೆದ ಕಥೆಯನ್ನೇ ಹೇಳಿದರೆ ಯಾವುದನ್ನು ನಂಬೋಣ? ಕ್ಸೆರ್ಕ್ಸಿಸನ ವೃತ್ತಾಂತಕ್ಕೆ ಗ್ರೀಕರು ತಮ್ಮ ಆಚಾರದ ಬಣ್ಣವನ್ನೇ ಬಳಿದಿರಬಹುದೆಂದು ಹಲವರು ವಾದಿಸಿದರು. ಬಹುಕಾಲ ಈ ವಾದಕ್ಕೆ ಉತ್ತರವಿರಲಿಲ್ಲ. ಉತ್ತರವು ಬಂದುದು ಗ್ರೀಕರ ಗ್ರಂಥಗಳಿಂದಲ್ಲ, ಪಾರಸೀಕ ಗುಮಾಸ್ತರ ಲೆಕ್ಕದ ಕಡತಗಳಿಂದ.

ಇರಾನ್ ದೇಶದ ಪರ್ಸೆಪೋಲಿಸ್ ಎಂಬಲ್ಲಿ ಡೇರಿಯಸ್ ಚಕ್ರವರ್ತಿಯು ಕಟ್ಟಿಸಲು ತೊಡಗಿದ ಅರಮನೆಗಳ ಹಾಳು ಇದೆ. ಚಿಕಾಗೋ ವಿಶ್ವವಿದ್ಯಾಲಯದವರು 1931ರಿಂದ ಅಲ್ಲಿ ಅಗೆಯುತ್ತಿದ್ದಾಗ, 1933ರಲ್ಲಿ ಕೋಟೆಯ ಗೋಡೆಯೊಳಗಿನ ಕೋಣೆಗಳಲ್ಲಿ ಸಾವಿರಾರು ಮಣ್ಣಿನ ಹಲಗೆಗಳು ಸಿಕ್ಕಿದುವು. ಎಲ್ಲವೂ ಅಂಗೈಯಲ್ಲಿ ಹಿಡಿಸುವಂತಹವು. ಬರೆದಿರುವುದು ಹೆಚ್ಚಾಗಿ ಎಲಾಮೈಟ್ ಎಂಬ ಭಾಷೆಯಲ್ಲಿ. ರಾಜರ ವಿಜಯಗಳನ್ನೋ ಸ್ತೋತ್ರಗಳನ್ನೋ ನಿರೀಕ್ಷಿಸಿದವರಿಗೆ ಮೊದಮೊದಲು ನಿರಾಶೆಯೇ ಆಗಿರಬೇಕು. ಇವೆಲ್ಲವೂ ಉಗ್ರಾಣದ ಚೀಟಿಗಳು. ಇಂತಹವನಿಗೆ ಇಷ್ಟು ಜವೆಗೋಧಿ, ಇಂತಹ ಪ್ರಯಾಣಿಕನಿಗೆ ಇಷ್ಟು ಹಿಟ್ಟು, ಬಾಣಂತಿಗೆ ಇಷ್ಟು ಎಂಬೀ ರೀತಿಯವು. ಡೇರಿಯಸನ ಆಳ್ವಿಕೆಯ 13ನೆಯ ವರ್ಷದಿಂದ 28ನೆಯ ವರ್ಷದವರೆಗಿನ, ಎಂದರೆ ಕ್ರಿ. ಪೂ. 509ರಿಂದ 493ರವರೆಗಿನ ಲೆಕ್ಕಗಳು. ಹ್ಯಾಲಕ್ ಎಂಬ ಪಂಡಿತನು ಇವುಗಳಲ್ಲಿ 2,087 ಹಲಗೆಗಳನ್ನು ಓದಿ 1969ರಲ್ಲಿ ಅಚ್ಚು ಹಾಕಿಸಿದನು.

ಮನೆವಾರ್ತೆಯ ಲೆಕ್ಕವನ್ನು ಬರೆದಿಡುವ ನಮ್ಮ ಗೃಹಿಣಿಯರು ಈ ಚೀಟಿಗಳನ್ನು ತುಚ್ಛವೆಂದು ಎಣಿಸಲಾರರು. ಏಕೆಂದರೆ ಅವುಗಳ ನಡುವೆ ದೇವರ ಪಾಲಿನ ಚೀಟಿಗಳೂ ಇವೆ. ಅಹುರಮಜ್ದನ ಸಲುವಾಗಿ, ಹುಂಬನ್ ಎಂಬ ಹಳೆಯ ಎಲಾಮ್ ದೇಶದ ದೇವತೆಯ ಸಲುವಾಗಿ, ಬೆಟ್ಟಗಳ ಸಲುವಾಗಿ, ನದಿಗಳ ಸಲುವಾಗಿ, ಇಂತಹ ಪುರೋಹಿತನು ಇಷ್ಟು ಧಾನ್ಯವನ್ನೂ ಇಷ್ಟು ದ್ರಾಕ್ಷಾರಸವನ್ನೂ ಪಡೆದನೆಂದು ಅವುಗಳಲ್ಲಿ ಬರೆದಿದೆ. ಲಾನ್ ಎಂಬ ಒಂದು ಪೂಜೆಗಂತೂ ತಪ್ಪದೆ ಪಡಿ ಸಲ್ಲುತ್ತಿದ್ದಿತು. ದ್ರಾಕ್ಷಾರಸವನ್ನು ಅಳೆಯುತ್ತಿದ್ದುದು ಮರ್ರಿಶ್ ಎಂಬ ಮಾನದಿಂದ. ಅದು ಇಂದಿನ ಸುಮಾರು ಹತ್ತು ಲೀಟರಿಗೆ ಸಮವಾದುದು. ಕೆಲವು ಹಲಗೆಗಳಲ್ಲಿ, ದೇವರಿಗೆ ಅರ್ಪಿಸಿದುದನ್ನು ಬಳಿಕ ಕೆಲಸದ ಆಳುಗಳು ಉಂಡರೆಂದೂ ಕಾಣಿಸಿದ್ದಾರೆ. ನೈವೇದ್ಯವು ಪ್ರಸಾದವಾಗುವ ಕ್ರಮವನ್ನು ಗುಮಾಸ್ತನ ಲೆಕ್ಕದಲ್ಲಿ ಇದಕ್ಕಿಂತ ಚೊಕ್ಕಟವಾಗಿ ಬರೆಯಲು ಸಾಧ್ಯವಿಲ್ಲವೆಂದು ನಮಗೆ ತೋರುತ್ತದೆ. ಹಾಗಾದರೆ ಹೆರೊಡೋಟಸನ ಎರಡು ಮಾತುಗಳಲ್ಲಿ ಏಳನೆಯ ಭಾಗದ ಮಾತೇ ನಿಜಕ್ಕೆ ಹೆಚ್ಚು ಹತ್ತಿರ. ನೀರಿಗೆ ಅರ್ಪಣೆ, ದೇವರಿಗೆ ಮಧು, ಇವೆರಡೂ ಪಾರಸೀಕರ ಸ್ವಂತ ಆಚಾರಗಳೇ ಆಗಿದ್ದುವು.

ಈ ಹಲಗೆಗಳು ಇಂದು ನಮಗೆ ಉಳಿದಿರುವುದೇ ಒಂದು ಆಶ್ಚರ್ಯ. ಓದುವ ಸಲುವಾಗಿ 1930ರ ದಶಕದಲ್ಲಿ ಇರಾನ್ ಸರ್ಕಾರವು ಇವನ್ನು ಚಿಕಾಗೋ ನಗರಕ್ಕೆ ಕಡವಾಗಿ ಕೊಟ್ಟಿದ್ದಿತು. 1997ರಲ್ಲಿ ಜೆರೂಸಲೇಮಿನಲ್ಲಿ ನಡೆದ ಬಾಂಬಿನ ಕೃತ್ಯದಲ್ಲಿ ಗಾಯಗೊಂಡ ಕೆಲವು ಅಮೆರಿಕನರು, ಆ ಕೃತ್ಯಕ್ಕೆ ಇರಾನಿನ ಬೆಂಬಲವಿದ್ದಿತೆಂದು ದಾವೆ ಹೂಡಿ ಪರಿಹಾರದ ತೀರ್ಪನ್ನು ಪಡೆದರು. ಆ ಹಣದ ವಸೂಲಿಗಾಗಿ ಈ ಹಲಗೆಗಳನ್ನೇ ಜಪ್ತಿ ಮಾಡಿ ಮಾರಬೇಕೆಂದು ಕೇಳಿದರು. ಗಾಯಗೊಂಡವರ ನೋವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಒಂದು ಕಡತದ ಸಾವಿರಾರು ಹಾಳೆಗಳನ್ನು ಒಂದೊಂದಾಗಿ ಹರಾಜಿನಲ್ಲಿ ಕೂಗಿದ್ದರೆ ಆ ಕಡತವೇ ಇಲ್ಲವಾಗುತ್ತಿದ್ದಿತು. 2018ರಲ್ಲಿ ಅಮೆರಿಕದ ಪರಮೋಚ್ಚ ನ್ಯಾಯಾಲಯವು ಜಪ್ತಿಗೆ ಅವಕಾಶವಿಲ್ಲವೆಂದು ತೀರ್ಮಾನಿಸಿತು. 2019ರಲ್ಲಿ 1,783 ಹಲಗೆಗಳು ಟೆಹರಾನಿಗೆ ಮರಳಿದುವು.

ಹಾಗೆಂದು ಪ್ರತಿಯೊಂದು ಬಟ್ಟಲೂ ದೇವರದೇ ಎಂದು ತಿಳಿಯಬಾರದು. ಪಾರಸೀಕರ ಊಟದ ಮನೆಯಲ್ಲಿ ಈ ಬಟ್ಟಲಿಗಿದ್ದ ಮರ್ಯಾದೆಯೂ ಸಾಮಾನ್ಯವಾದುದಲ್ಲ. ಅರಸನ ಅವಕೃಪೆಗೆ ಪಾತ್ರನಾದವನು ಮಣ್ಣಿನ ಪಾತ್ರೆಯಲ್ಲಿ ಕುಡಿಯಬೇಕಾಗುತ್ತಿತ್ತೆಂದು, ಆ ಆಸ್ಥಾನದಲ್ಲಿ ವೈದ್ಯನಾಗಿದ್ದ ಕ್ಟೇಸಿಯಸ್ ಎಂಬ ಗ್ರೀಕನು ಬರೆದಿದ್ದನು. ಪಂಕ್ತಿಯಲ್ಲಿ ಒಬ್ಬನ ಮುಂದೆ ಮಾತ್ರ ಮಣ್ಣಿನ ಬಟ್ಟಲು ಬಂದರೆ ಅದಕ್ಕಿಂತ ದೊಡ್ಡ ಅಪಮಾನವುಂಟೆ? ಕಾಲುಳುಕಿದ್ದ ಡೇರಿಯಸನನ್ನು ಗುಣಪಡಿಸಿದ ಡೆಮೊಸೀಡಿಸ್ ಎಂಬ ಇನ್ನೊಬ್ಬ ಗ್ರೀಕ್ ವೈದ್ಯನ ಕಥೆ ಇದಕ್ಕಿಂತ ರಸವತ್ತಾಗಿದೆ. ಚಕ್ರವರ್ತಿಯು ಅವನನ್ನು ಅಂತಃಪುರಕ್ಕೆ ಕಳುಹಿಸಿದಾಗ, ರಾಣಿಯರು ಒಬ್ಬೊಬ್ಬರೂ ಒಂದೊಂದು ಫಿಯಾಲೆಯನ್ನು ನಾಣ್ಯದ ಪೆಟ್ಟಿಗೆಯಲ್ಲಿ ಅದ್ದಿ ಮೊಗೆಮೊಗೆದು ಬಂಗಾರವನ್ನು ಕೊಟ್ಟರಂತೆ. ತುಳುಕಿ ಕೆಳಗೆ ಬಿದ್ದ ನಾಣ್ಯಗಳನ್ನು ಆರಿಸಿಕೊಂಡೇ ವೈದ್ಯನ ಹಿಂದೆ ಬಂದ ಸೇವಕನು ಧನಿಕನಾದನು!

ಬಟ್ಟಲನ್ನು ಉಡುಗೊರೆಯಾಗಿ ಕೊಡುವುದು ಪಾರಸೀಕ ಅರಸರ ಪದ್ಧತಿ. ಅಂತಹ ಒಂದು ಉಡುಗೊರೆಯ ಮುಂದಿನ ಗತಿಯು ಅಥೆನ್ಸ್ ನಗರದ ಒಂದು ವ್ಯಾಜ್ಯದಲ್ಲಿ ಪ್ರಸ್ತಾಪಕ್ಕೆ ಬಂದಿದೆ. ಪಿರಿಲಾಂಪಿಸನ ಮಗನಾದ ಡೇಮಸ್ ಎಂಬವನಿಗೆ ಪಾರಸೀಕ ಚಕ್ರವರ್ತಿಯು ಗುರುತಿನ ಮುದ್ರೆಯಂತೆ ಒಂದು ಬಂಗಾರದ ಬಟ್ಟಲನ್ನು ಕೊಟ್ಟಿದ್ದನು. ಕ್ರಿ. ಪೂ. ನಾಲ್ಕನೆಯ ಶತಮಾನದ ಪ್ರಾರಂಭದಲ್ಲಿ ಡೇಮಸನು ಸೈಪ್ರಸ್ ದ್ವೀಪಕ್ಕೆ ಯುದ್ಧನೌಕೆಯ ಒಡೆಯನಾಗಿ ಹೊರಡಬೇಕಾಯಿತು, ಕೈಯಲ್ಲಿ ಹಣವಿಲ್ಲ. ಬಟ್ಟಲನ್ನು ಅಡವಿಟ್ಟುಕೊಂಡು 16 ಮಿನಾ ಬೆಳ್ಳಿಯನ್ನು ಕೊಡಿ, ಸೈಪ್ರಸಿಗೆ ಹೋದೊಡನೆ 20 ಮಿನಾ ಕೊಟ್ಟು ಬಿಡಿಸಿಕೊಳ್ಳುತ್ತೇನೆ, ಈ ಬಟ್ಟಲಿದ್ದರೆ ಪಾರಸೀಕರ ಸೀಮೆಯಲ್ಲೆಲ್ಲ ನನಗೆ ಬೇಕಾದುದು ದೊರೆಯುತ್ತದೆ ಎಂದು ಅವನು ಅರಿಸ್ಟೊಫನಿಸ್ ಎಂಬ ಗೃಹಸ್ಥನಿಗೆ ಹೇಳಿಕಳುಹಿಸಿದನು. (ಇವನು ನಾಟಕಕಾರನಲ್ಲ, ಅದೇ ಹೆಸರಿನ ಬೇರೊಬ್ಬ.) ಅರಿಸ್ಟೊಫನಿಸನ ಬಳಿ ಅಷ್ಟು ಹಣವಿರಲಿಲ್ಲ, ವ್ಯವಹಾರವು ಮುರಿದುಬಿದ್ದಿತು. ಲೈಸಿಯಸ್ ಎಂಬ ವಾಗ್ಮಿಯು ಬರೆದುಕೊಟ್ಟ ಭಾಷಣದಲ್ಲಿ ಈ ಸಂಗತಿಯಿದೆ. ನಂಟರ ಬಂಗಾರವನ್ನು ಅಡವಿಗೆ ಇಟ್ಟುಕೊಳ್ಳುವ ಇಕ್ಕಟ್ಟನ್ನು ಕಂಡವರಿಗೆ ಈ ಅರಿಸ್ಟೊಫನಿಸನ ಮೇಲೆ ಸ್ವಲ್ಪ ಕನಿಕರ ಬಂದೀತು.

ಇಷ್ಟೊಂದು ಬಟ್ಟಲುಗಳಿದ್ದ ಮೇಲೆ ಅವೆಲ್ಲವೂ ಎಲ್ಲಿಗೆ ಹೋದುವು? ಕ್ರಿ. ಪೂ. 479ರಲ್ಲಿ ಪ್ಲಟೀಯದ ಯುದ್ಧದಲ್ಲಿ ಪಾರಸೀಕರು ಸೋತಾಗ, ಅವರ ಗುಡಾರಗಳಲ್ಲಿ ಬಂಗಾರದ ಫಿಯಾಲೆಗಳೂ ಕೊಪ್ಪರಿಗೆಗಳೂ ರಾಶಿರಾಶಿಯಾಗಿ ಸಿಕ್ಕಿದುವು. ಅವನ್ನು ಕದ್ದ ದಾಸರು ಬಂಗಾರವೆಂದರಿಯದೆ ಹಿತ್ತಾಳೆ ಕಂಚಿನ ಬೆಲೆಗೆ ಐಜೀನಾ ದ್ವೀಪದ ವರ್ತಕರಿಗೆ ಮಾರಿಬಿಟ್ಟರೆಂದು ಹೆರೊಡೋಟಸನ ಹೇಳಿಕೆ. ಕ್ರಿ. ಪೂ. 333ರಲ್ಲಿ ಡಮಾಸ್ಕಸಿನಲ್ಲಿ ಅಲೆಗ್ಸಾಂಡರನ ಸೇನಾನಿ ಪಾರ್ಮೆನಿಯನ್ ಹಿಡಿದ ಪಾತ್ರೆಗಳ ಪಟ್ಟಿಯೊಂದು ಅಥೀನಿಯಸ್ ಎಂಬ ಲೇಖಕನ ಮೂಲಕ ನಮಗೆ ಬಂದಿದೆ. ಬಂಗಾರದ ಪಾನಪಾತ್ರೆಗಳ ತೂಕವೇ ಬ್ಯಾಬಿಲೋನಿನ 73 ತಲಾಂತು 52 ಮಿನಾ ಎಂದು ಅದರಲ್ಲಿದೆ. ತಲಾಂತಿಗೆ ಸುಮಾರು 30 ಕಿಲೋಗ್ರಾಂ ಎಂದು ಹಿಡಿದರೆ ಎರಡು ಸಾವಿರ ಕಿಲೋಗ್ರಾಮಿಗೂ ಮೀರಿತು. ಪರ್ಸೆಪೋಲಿಸಿನ ಭಂಡಾರವನ್ನು ಸಾಗಿಸಲು 10,000 ಜೋಡಿ ಹೇಸರಗತ್ತೆಗಳೂ 5,000 ಒಂಟೆಗಳೂ ಬೇಕಾದುವೆಂದು ಪ್ಲುಟಾರ್ಕನು ಹೇಳುತ್ತಾನೆ. ಲೋಹದ ಪಾತ್ರೆಗೆ ಇರುವ ಮೃತ್ಯು ಕರಗುವ ಮೂಸೆಯೇ. ಹೆಚ್ಚಿನವು ಅಲೆಗ್ಸಾಂಡರನ ನಾಣ್ಯಗಳಾಗಿ ಸೈನಿಕರ ಸಂಬಳಕ್ಕೆ ಸಂದವು. ಉಳಿದುವು ಗೋರಿಗಳಲ್ಲಿ ಹೂಳಿದ್ದುವು, ನೆಲದಲ್ಲಿ ಬಚ್ಚಿಟ್ಟಿದ್ದುವು.

ಹಾಗೆ ಬಚ್ಚಿಟ್ಟ ನಿಧಿಗಳಲ್ಲಿ ಪ್ರಖ್ಯಾತವಾದುದು ಆಕ್ಸಸ್ ನದಿಯ ನಿಧಿ. ಇಂದಿನ ತಜಿಕಿಸ್ತಾನದ ದಕ್ಷಿಣದ ಅಂಚಿನಲ್ಲಿ, 1877ರಿಂದ 1880ರವರೆಗಿನ ಕಾಲದಲ್ಲಿ ಇದು ಹೊರಬಿದ್ದಿತು. ಬೊಖಾರದ ಕಡೆಯ ಮೂವರು ವರ್ತಕರು ಇದನ್ನು ಕೊಂಡು ಚೀಲಗಳಲ್ಲಿ ಹೊಲಿದು ಕಾಬೂಲಿನಿಂದ ಪೇಶಾವರಕ್ಕೆ ಬರುತ್ತಿದ್ದಾಗ, 1880ರಲ್ಲಿ ದಾರಿಗಳ್ಳರು ಅವರನ್ನು ಹಿಡಿದು ಬೆಟ್ಟಕ್ಕೆ ಒಯ್ದರು. ತಪ್ಪಿಸಿಕೊಂಡ ಸೇವಕನೊಬ್ಬನು ಹತ್ತಿರದ ಠಾಣ್ಯದಲ್ಲಿದ್ದ ಕ್ಯಾಪ್ಟನ್ ಬರ್ಟನ್ ಎಂಬ ಆಂಗ್ಲ ಅಧಿಕಾರಿಗೆ ಸುದ್ದಿಯನ್ನು ಮುಟ್ಟಿಸಿದನು. ಬರ್ಟನನು ಇಬ್ಬರೇ ಆಳುಗಳೊಡನೆ ರಾತ್ರಿಯಲ್ಲಿ ಹೊರಟು ಹೋಗಿ ನೋಡಿದರೆ, ಕಳ್ಳರು ಗುಹೆಯೊಂದರಲ್ಲಿ ಪಾಲಿನ ವಿಷಯವಾಗಿ ತಮ್ಮ ತಮ್ಮೊಳಗೇ ಬಡಿದಾಡಿ, ನಾಲ್ವರು ಗಾಯಗೊಂಡು ಬಿದ್ದಿದ್ದರು. ಅವನು ಬಹುಭಾಗವನ್ನು ವರ್ತಕರಿಗೆ ಮರಳಿ ಕೊಡಿಸಿದನು. ವರ್ತಕರು ಅದನ್ನು ರಾವಲ್‌ಪಿಂಡಿಗೆ ತಂದು ಮಾರಿದರು. ನಮ್ಮ ದೇಶದ ಪ್ರಾಕ್ತನ ಇಲಾಖೆಯ ಮೊದಲನೆಯ ಮುಖ್ಯಾಧಿಕಾರಿಯಾದ ಕನ್ನಿಂಗ್‌ಹ್ಯಾಮ್ ಸಾಹೇಬರು ಅನೇಕ ವಸ್ತುಗಳನ್ನು ಕೊಂಡರು. ಅವರಿಂದ ಫ್ರ್ಯಾಂಕ್ಸ್ ಎಂಬವರಿಗೆ ಹೋಗಿ, 1897ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಸೇರಿದುವು. ಸುಮಾರು 180 ಬಂಗಾರ ಬೆಳ್ಳಿಯ ವಸ್ತುಗಳಲ್ಲಿ ಬಟ್ಟಲುಗಳೂ ಇವೆ. ಸುಮಾರು ಐವತ್ತು ತೆಳು ಬಂಗಾರದ ತಗಡುಗಳೂ ಇವೆ, ಅವುಗಳಲ್ಲಿ ಕೆಲವದರ ಮೇಲೆ ಪೂಜೆಯ ಕಡ್ಡಿಗಳ ಕಟ್ಟನ್ನು ಹಿಡಿದ ಮನುಷ್ಯರ ಚಿತ್ರಗಳಿವೆ. ನದಿಯ ದೇವತೆಗೆ ಸೇರಿದ ಗುಡಿಯೊಂದರ ಭಂಡಾರವಿದೆಂದು ಅನೇಕರ ಊಹೆ. ಊಹೆಯೆಂದೇ ಹೇಳಬೇಕಾಗಿದೆ, ಮಣ್ಣಿನಿಂದ ತೆಗೆಯುವಾಗ ಬಟ್ಟಲಿನ ಪಕ್ಕದಲ್ಲಿ ಏನಿದ್ದಿತು, ಕೆಳಗೆ ಏನಿದ್ದಿತು ಎಂಬುದನ್ನು ಬರೆದಿಟ್ಟವರು ಒಬ್ಬರೂ ಇಲ್ಲ.

ಅರ್ಟಾಕ್ಸೆರ್ಕ್ಸಿಸ್ ಅರಸನ ನಾಲ್ಕು ಬೆಳ್ಳಿಯ ಬಟ್ಟಲುಗಳ ಗತಿಯೂ ಇದೇ. ಇವನು ಕ್ಸೆರ್ಕ್ಸಿಸನ ಮಗ. ಬಟ್ಟಲುಗಳು ಸುಮಾರು 29 ಸೆಂಟಿಮೀಟರು ಅಗಲವಾಗಿವೆ. ಅಂಚಿನ ಒಳಗಡೆ ಪ್ರಾಚೀನ ಪಾರಸೀಕ ಭಾಷೆಯಲ್ಲಿ ಮೊಳೆಯಾಕಾರದ ಅಕ್ಷರಗಳ ಒಂದೇ ಸಾಲು ಸುತ್ತುವರಿದಿದೆ. ಅರಸನ ಹೆಸರು, ಬಿರುದು, ತಂದೆಯ ಹೆಸರು, ಅಜ್ಜನಾದ ಡೇರಿಯಸನ ಹೆಸರು, ವಂಶದ ಹೆಸರು, ಇವೆಲ್ಲವನ್ನೂ ಹೇಳಿ, ಆತನ ಮನೆಯಲ್ಲಿ ಈ ಬಟ್ಟಲು ಮಾಡಲ್ಪಟ್ಟಿತೆಂದು ಅದು ಮುಗಿಯುತ್ತದೆ. ಬಟ್ಟಲಿಗೆ ಅಲ್ಲಿ ಪ್ರಯೋಗಿಸಿರುವ ಶಬ್ದದ ಮೊದಲ ಭಾಗವು ದ್ರಾಕ್ಷಾರಸವೆಂಬ ಅರ್ಥವುಳ್ಳದ್ದು. ಇವು 1935ರಲ್ಲಿ ಹರ್ಟ್ಸ್‌ಫೆಲ್ಡ್ ಎಂಬ ಜರ್ಮನ್ ವಿದ್ವಾಂಸನ ಲೇಖನದಿಂದ ಬೆಳಕಿಗೆ ಬಂದುವು. ಹಮದಾನ್ ಪಟ್ಟಣದಲ್ಲಿ ದೊರೆತುವೆಂದು ವ್ಯಾಪಾರಿಗಳು ಹೇಳಿದರು. ಹಳೆಯ ವಸ್ತುಗಳ ವ್ಯಾಪಾರಿಗೆ ಎಲ್ಲ ಬಂಗಾರವೂ ಹಮದಾನಿನದೇ! ಒಂದು ಬಟ್ಟಲು ಈಗ ನ್ಯೂಯಾರ್ಕಿನಲ್ಲಿಯೂ, ಒಂದು ವಾಷಿಂಗ್‌ಟನ್ನಿನಲ್ಲಿಯೂ, ಒಂದು ಟೆಹರಾನಿನಲ್ಲಿಯೂ ಇವೆ. ನಾಲ್ಕನೆಯದನ್ನು 1994ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನವರು ಕೊಂಡರು. ಅಗೆದು ತೆಗೆದುದನ್ನು ಕಂಡವರಿಲ್ಲದ ಕಾರಣ, ಬರಹವು ಹೊಸದಾಗಿ ಕೊರೆದ ಮೋಸವೆಂದು ಶಂಕಿಸಿದವರೂ ಉಂಟು. ಲೋಹವನ್ನೂ ಬರಹವನ್ನೂ ಪರೀಕ್ಷಿಸಿದ ಬೇರೆ ಪಂಡಿತರು ಅಪ್ಪಟವೆಂದೇ ಒಪ್ಪಿದ್ದಾರೆ. ನಮಗೂ ಅವರ ವಾದವೇ ಗಟ್ಟಿಯಾಗಿ ಕಾಣುತ್ತದೆ. ಯೆಹೂದ್ಯರ ಧರ್ಮಗ್ರಂಥದಲ್ಲಿ ಬರುವ ನೆಹೆಮೀಯನು, ಸಾಮಾನ್ಯವಾಗಿ ಒಪ್ಪಿರುವಂತೆ, ಈ ಅರ್ಟಾಕ್ಸೆರ್ಕ್ಸಿಸನಿಗೇ ಪಾನಪಾತ್ರಧಾರಿಯಾಗಿದ್ದವನು. ಕ್ರಿ. ಪೂ. 445ರಲ್ಲಿ ಅರಸನಿಗೆ ಮಧುವನ್ನು ಕೊಡುವಾಗ ಅವನ ಮುಖವು ಬಾಡಿದ್ದುದನ್ನು ಅರಸನು ಕಂಡು ಕಾರಣವನ್ನು ಕೇಳಿದುದರಿಂದಲೇ, ಅವನಿಗೆ ಜೆರೂಸಲೇಮಿನ ಕೋಟೆಯನ್ನು ಕಟ್ಟಿಸುವ ಅಪ್ಪಣೆ ದೊರೆಯಿತು. ಇಂತಹ ಬಟ್ಟಲೇ ಅವನ ಮೂರು ಬೆರಳುಗಳ ಮೇಲಿದ್ದಿರಬೇಕು.

ಕಳ್ಳತನದ ಅಗೆತವು ನಿಂತುಹೋದ ಹಳೆಯ ಕಥೆಯೇನೂ ಅಲ್ಲ. ತುರ್ಕಿ ದೇಶದ ಉಷಾಕ್ ಪಟ್ಟಣದ ಸಮೀಪದಲ್ಲಿ 1966ರಲ್ಲಿ ಗೋರಿದಿಬ್ಬಗಳನ್ನು ಒಡೆದು, ಬೆಳ್ಳಿಯ ಫಿಯಾಲೆಗಳು, ಧೂಪಪಾತ್ರೆ ಮೊದಲಾದುವನ್ನು ಕದ್ದೊಯ್ದರು. ಅವು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಮಾರಾಟವಾದುವು. 1987ರಲ್ಲಿ ತುರ್ಕಿ ಸರ್ಕಾರವು ದಾವೆ ಹೂಡಿ, 1993ರಲ್ಲಿ 363 ವಸ್ತುಗಳನ್ನು ಮರಳಿ ಪಡೆಯಿತು. ವಸ್ತುಗಳು ಬಂದುವು, ಗೋರಿಯೊಳಗೆ ಅವನ್ನು ಇಟ್ಟಿದ್ದ ಕ್ರಮವು ಬರಲಿಲ್ಲ. ಅದೇ ದೇಶದ ಗಾರ್ಡಿಯನ್ ಎಂಬಲ್ಲಿ ಇದಕ್ಕೆ ಪ್ರತಿಯಾಗಿ ಏನಾಯಿತೆಂಬುದನ್ನು ನೋಡಿರಿ. ಅಲ್ಲಿ 1957ರಲ್ಲಿ ವಿದ್ವಾಂಸರು ಜಾಗರೂಕತೆಯಿಂದ ತೆರೆದ ದೊಡ್ಡ ಗೋರಿಯು ಪಾರಸೀಕರಿಗಿಂತ ಸುಮಾರು ಇನ್ನೂರು ವರ್ಷ ಹಳೆಯದು, ಫ್ರಿಜಿಯಾದ ಅರಸನೊಬ್ಬನದು. ಹೊಕ್ಕುಳುಳ್ಳ ಕಂಚಿನ ಬಟ್ಟಲುಗಳೇ ಅಲ್ಲಿ ನೂರರ ಹತ್ತಿರ ಇದ್ದುವು. ಪಾತ್ರೆಗಳ ತಳಕ್ಕೆ ಅಂಟಿದ ಕರಟನ್ನು ಉಜ್ಜಿ ತೊಳೆಯದೆ ತೆಗೆದಿಟ್ಟಿದ್ದರು. ನಾಲ್ವತ್ತು ವರ್ಷಗಳ ಮೇಲೆ ರಸಾಯನಶಾಸ್ತ್ರಜ್ಞರು ಅದನ್ನು ಪರೀಕ್ಷಿಸಿ, ದ್ರಾಕ್ಷಾರಸ, ಜವೆಗೋಧಿಯ ಮದ್ಯ, ಜೇನಿನ ಮದ್ಯ, ಈ ಮೂರನ್ನೂ ಬೆರೆಸಿದ ಪಾನವೆಂದು 1999ರಲ್ಲಿ ಪ್ರಕಟಿಸಿದರು. ಅರಸನ ಉತ್ತರಕ್ರಿಯೆಯ ಭೋಜನದಲ್ಲಿ ಏನು ಕುಡಿದರೆಂಬುದು ಬಟ್ಟಲಿನ ಕೊಳೆಯಿಂದ ತಿಳಿದುಬಂದಿತು! ಅಂಗಡಿಗೆ ಬಂದ ಬಟ್ಟಲನ್ನಾದರೋ ವ್ಯಾಪಾರಿಯು ಹೊಳೆಯುವಂತೆ ಉಜ್ಜಿಬಿಟ್ಟಿರುತ್ತಾನೆ.

ಪಾರಸೀಕರ ಆಚಾರವು ಪೂರ್ತಿಯಾಗಿ ಅಳಿದುಹೋಗಿಲ್ಲ. ನಮ್ಮ ನಾಡಿನ ಪಾರ್ಸಿಗಳು ಅದನ್ನು ಬೇರೊಂದು ರೂಪದಲ್ಲಿ ಇಂದಿಗೂ ಉಳಿಸಿಕೊಂಡಿದ್ದಾರೆ. ಅವರ ಆಫ್ರೀನ್‌ಗಾನ್ ಎಂಬ ಪೂಜೆಯಲ್ಲಿ ಹಾಲು, ನೀರು, ಹಣ್ಣು, ಹೂವುಗಳ ಸಂಗಡ ದ್ರಾಕ್ಷಾರಸವನ್ನೂ ಇಡುವ ಪದ್ಧತಿಯನ್ನು ಡಾಕ್ಟರ್ ಜೀವನ್‌ಜಿ ಮೋದಿಯವರು 1922ರ ತಮ್ಮ ಗ್ರಂಥದಲ್ಲಿ ವರ್ಣಿಸಿದ್ದಾರೆ. ಯಸ್ನವೆಂಬ ಅವರ ದೊಡ್ಡ ಪೂಜೆಯ ಹೆಸರು ನಮ್ಮ ಯಜ್ಞದ ಒಡಹುಟ್ಟು. ಅಲ್ಲಿಯ ಹವೋಮವು ನಮ್ಮ ಸೋಮ. ಅರ್ಪಣೆಯ ದ್ರವಕ್ಕೆ ಅವರ ವೇದಭಾಷೆಯಲ್ಲಿರುವ ಜಓಥ್ರ ಎಂಬ ಹೆಸರು ನಮ್ಮ ಹೋತ್ರ ಶಬ್ದದ ಜೊತೆಯದು. ಹವೋಮದ ಕಡ್ಡಿ, ದಾಳಿಂಬದ ರೆಂಬೆ, ಹಾಲು, ನೀರು ಇವುಗಳಿಂದ ಸಿದ್ಧಮಾಡಿದ ರಸವನ್ನು ಪುರೋಹಿತನು ಪೂಜೆಯ ಕೊನೆಯಲ್ಲಿ ಲೋಹದ ಪಾತ್ರೆಯಲ್ಲಿ ಹಿಡಿದುಕೊಂಡು ಅಗ್ನಿಮಂದಿರದ ಬಾವಿಯ ಬಳಿಗೆ ನಡೆದು, ಮಂತ್ರವನ್ನು ಹೇಳುತ್ತ ನೀರಿಗೆ ಎರೆಯುತ್ತಾನೆ. ಪಾತ್ರೆಯನ್ನು ಮಾತ್ರ ಕ್ಸೆರ್ಕ್ಸಿಸನಂತೆ ನೀರಿಗೆ ಎಸೆಯುವುದಿಲ್ಲ; ತೊಳೆದು ಮತ್ತೆ ಅದರ ಸ್ಥಾನದಲ್ಲಿಯೇ ಇಡುತ್ತಾನೆ.